ಹೊತ್ತು ಮುಳುಗದ ದಾರಿಯಲ್ಲಿ

ಮುಂದಿನ ಸೀಟೇ ಬೇಕೆಂದಳು ರಾವ್ದ್ನಾ ಅಜ್ಜಿ.
ಮಡಿಲಲ್ಲಿ ಬಟ್ಟೆ ಸುತ್ತಿದ ಚೂರಿ,
ಕಾಲಡಿ ಒಣಮಾಂಸದ ಚೀಲ.
ಬೆಲ್ಟು ಹಾಕಿಕೊಳ್ಳಿ ಅಂತ ನಾಲ್ಕು ಸಲ ಹೇಳಬೇಕಾಯಿತು.

ಆಲ್ತಾ ಬಿಟ್ಟಾಗ ಗಡಿಯಾರದಲ್ಲಿ ರಾತ್ರಿ ಒಂಬತ್ತು.
ಗಡಿಯಾರದಲ್ಲಿ ಮಾತ್ರ.
ಹೊರಗೆ ಜುಲೈ ತಿಂಗಳ ಹೊತ್ತು
ಮುಳುಗುವುದು ಬಿಟ್ಟು
ಗುಡ್ಡದಂಚಿನಲ್ಲಿ ಅಡ್ಡಡ್ಡ ನಡೆಯುತ್ತಿತ್ತು,
ಮನೆಯ ಕೀಲಿ ಕಳಕೊಂಡವನ ಹಾಗೆ.

ನಾನು ಕಡಲಂಚಿನವನು, ಮೀನಿನ ಮನೆಯವನು.
ಎಷ್ಟು ಸಿಕ್ಕಿತು ಅಂತ ಕೇಳುವುದೇ
ನಮ್ಮಲ್ಲಿ ನಮಸ್ಕಾರ.
ಆ ರೂಢಿಯಲ್ಲೇ ಕೇಳಿಬಿಟ್ಟೆ:
ನಿಮ್ಮದು ಎಷ್ಟಿದ್ದವಜ್ಜಿ, ಹಿಮಸಾರಂಗ?

ಎರಡು ತಿರುವು ಕಳೆಯುವವರೆಗೆ ಉತ್ತರವಿಲ್ಲ.
ಆಮೇಲೆ: ನಿನ್ನ ಬ್ಯಾಂಕಿನಲ್ಲಿ ಎಷ್ಟಿದೆ, ಮೀನಿನವನೇ?

ಸ್ಕೈದಿಯ ಪೆಟ್ರೋಲ್ ಬಂಕಿನಲ್ಲಿ
ಕಾಫಿಗೆ ಗಿಣ್ಣಿನ ತುಂಡು ಹಾಕಿ ಕುಡಿದಳು.
ತಳದಲ್ಲಿ ಮೆತ್ತಗಾದದ್ದನ್ನು ಚಮಚದಲ್ಲಿ ಬಾಚುತ್ತ,
ಯಾರೂ ಕೇಳದಿದ್ದರೂ, ಹೇಳಿದಳು:
ಯೋವ್ನಾ ಹೋದ ಚಳಿಗಾಲ ಎಲ್ಲವನ್ನೂ ಮಾರಿದೆ.
ಒಂಬತ್ತು ವರ್ಷವಾಯಿತು.
ಒಂದೂ ಉಳಿಸಲಿಲ್ಲ.

ಮತ್ತೆ ದಾರಿ.
ಕಡಲು ಬೆಟ್ಟದ ಜೇಬಿಗೆ ತೋಳಿನವರೆಗೆ ಕೈ ಹಾಕಿ
ಏನೋ ತಡಕುತ್ತಲೇ ಇತ್ತು.
ಮೀನು ಒಣಗಿಸುವ ಮರದ ಚಪ್ಪರಗಳು ಬರಿದು,
ಅವುಗಳ ನೆರಳು ಮಾತ್ರ
ಹುಲ್ಲಿನ ಮೇಲೆ ಮಾರುದ್ದ ಒಣಗುತ್ತಿತ್ತು.
ಜರ್ಮನಿಯ ವ್ಯಾನೊಂದರ ಮುಂದೆ ಮಡಚುಕುರ್ಚಿ ಹಾಕಿ
ಗಂಡಹೆಂಡತಿ ನಡುರಾತ್ರಿಗೆ ಟೋಪಿ ಹಾಕಿಕೊಂಡು ಕೂತಿದ್ದರು.

ಸುರಂಗದ ಬಾಯಲ್ಲಿ ಗಾಡಿಗಳ ಸಾಲು.
ಒಳಗೆ
ಸೆಕೆಗೂ ಸೊಳ್ಳೆಗೂ ಸೋತು
ತಂಪಿಗೆ ಬಂದು ನಿಂತಿದೆ ಒಂದು ಹಿಂಡು.
(ನಾನು ಎಣಿಸಲಿಲ್ಲ. ಎಣಿಸಿದ್ದರೂ ಹೇಳುವುದಿಲ್ಲ.)
ಹಾರ್ನಿಗೆ ಕದಲವು, ದೀಪಕ್ಕೆ ಬೆದರವು.
ಒಂದು ಹೆಜ್ಜೆ ಇಟ್ಟರೆ ಕಾಲಿನ ಗಂಟಿನಿಂದ ಟಿಕ್ಕೆಂಬ ಸದ್ದು,
ಕಲ್ಲಿನ ಹೊಟ್ಟೆಯಲ್ಲಿ ಸಾವಿರ ಗಡಿಯಾರ,
ಒಂದೂ ಸರಿಯಾದ ಹೊತ್ತು ಹೇಳದ್ದು.

ಬೇಡ ಎನ್ನುವ ಮೊದಲೇ ಅಜ್ಜಿ ಇಳಿದಾಗಿತ್ತು.
ನಾಲಿಗೆಯಿಂದ ಲೊಚಗುಟ್ಟಿದಳು, ಮೂರು ಸಲ.
ಒಂಟಿ ಕೊಂಬಿನ ಮುದಿ ಹೆಣ್ಣೊಂದು
ಹಿಂಡು ಸೀಳಿಕೊಂಡು ಬಂದು ಮೂಗು ಚಾಚಿತು.
ಅವಳ ಬೆರಳು ಎಡಗಿವಿಯ ಅಂಚು ಹಿಡಿದು ನಡೆಯಿತು:
ತುದಿಯಲ್ಲೊಂದು ಕಚ್ಚು, ಕೆಳಗೊಂದು ಕವಲು.
ಬಲಗಿವಿಗೆ ಹೋಯಿತು, ನಿಂತಿತು.
ಮತ್ತೆ ಎಡಗಿವಿಗೇ ಬಂತು,
ಕಾಗದವನ್ನು ಎರಡನೇ ಸಲ ಓದುವವರ ಹಾಗೆ.

ಕಿವಿಮಾತು ಬೇಕಾದಷ್ಟು ಕೇಳಿದ್ದೇನೆ, ಮರೆತಿದ್ದೇನೆ.
ಕಿವಿಯಲ್ಲೇ ಕೊರೆದಿಟ್ಟ ಮಾತನ್ನು ಕಂಡದ್ದು ಅಂದೇ.

ಯಾರದಜ್ಜಿ? ಅಂದೆ, ಬಾಗಿಲು ಹಾಕಿಕೊಂಡಾಗ.
ನೆರೆಯವರದು, ಅಂದಳು.
ಕೈ ಒರೆಸಿಕೊಳ್ಳಲಿಲ್ಲ.

ಬೇಲಿಯ ಹತ್ತಿರ ಬೆಳಗಿನ ಮೂರಕ್ಕೆ
ಇಡೀ ಬಳಗ ಎಚ್ಚರವಿತ್ತು.
ತಾಯಿಯ ಹಿಂದೆ ಓಡುವ ಕರು,
ಕರುವಿನ ಹಿಂದೆ ಹಾರುವ ಹಗ್ಗ,
ಹೊಗೆ, ಬೈಗುಳ, ಕೆಟಲು.
ಒಂಬತ್ತರ ಬಿಗ್ಗಾ ಅಜ್ಜಿಯ ಚೂರಿ ಹಿಡಿದು
ಮೊದಲ ಕರುವಿನ ಮೇಲೆ ಮಂಡಿಯೂರಿ
ತುಟಿ ಕಚ್ಚಿದಳು.
ಅಜ್ಜಿ ಬಾಗಿ ಅವಳ ಕಿವಿಯಲ್ಲಿ ಏನೋ ಅಂದಳು.
ಹುಡುಗಿ ತಲೆಯೆತ್ತಿ ನೋಡಿದಳು. ಕರು ಅಲ್ಲ,
ನಾವು ಬಂದ ದಾರಿಯನ್ನು.
ಆಮೇಲೆ ಎರಡೇ ಕೊಯ್ತ.
ಬೆರಳುಗುರಿನಷ್ಟು ತುಂಡನ್ನು ಜೇಬಿಗೆ ಹಾಕಿಕೊಂಡಳು,
ರಕ್ತ ಆರದ ಲೆಕ್ಕ.

ಹಿಂತಿರುಗುವಾಗ ಬೆಲ್ಟು ತಾನೇ ಹಾಕಿಕೊಂಡಳು.
ಸುರಂಗ ಖಾಲಿ, ಹಿಕ್ಕೆಯ ಮೇಲೆ ಚಕ್ರ ಜಾರಿತು.
ಅವಳು ಆಚೆ ಈಚೆ ನೋಡಲಿಲ್ಲ.
ನಾನೂ ಕೇಳಲಿಲ್ಲ.
ಹೊರಬಂದಾಗ ಎದುರಿಗೇ ಹೊತ್ತು,
ಇನ್ನೂ ಕೀಲಿ ಹುಡುಕುತ್ತ.
ಅಜ್ಜಿಗೆ ಜೊಂಪು ಹತ್ತಿತ್ತು, ಬಾಯಿ ಕೊಂಚ ತೆರೆದಿತ್ತು.
ಕೈ ಚಾಚಿ ಅವಳ ಕಡೆಯ ಬಿಸಿಲುಪಟ್ಟಿ ಇಳಿಸಿದೆ.

ಅಂಗೈಯಗಲದ ಇರುಳು.
ಅವಳ ಮುಖಕ್ಕೆ ಅಷ್ಟೇ ಸಾಕಾಯಿತು.